ಮೊದಲ ಸಲ ಮಾಚಾ ಕೊಳ್ಳೋದು: ಯಾವ ಪುಡಿ, ಯಾವ ಸಾಮಾನು, 3,000 ರೂಪಾಯಿ ಸಾಕಾ?

ಹೊಸಬ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಮಾಚಾ, ಅದೇ ಜಪಾನಿನ ಹಸಿರು ಚಹಾ ಪುಡಿಯ ಪಾನೀಯ, ಮಾಡಿ ಕುಡಿಯೋಣ ಅಂತಿದ್ದೇನೆ. ದಿನಕ್ಕೊಂದು ಬಟ್ಟಲು, ವಾರದಲ್ಲಿ ಎರಡು ಮೂರು ದಿನ ಹಾಲು ಹಾಕಿ. ಆನ್‌ಲೈನ್‌ನಲ್ಲಿ ಹುಡುಕಿದರೆ 100 ಗ್ರಾಂ 450 ರೂಪಾಯಿಗೂ ಇದೆ, 30 ಗ್ರಾಂ 1,800ಕ್ಕೂ ಇದೆ. ಎರಡರ ಮೇಲೂ ‘ಸೆರಿಮೋನಿಯಲ್ ಗ್ರೇಡ್’ ಅಂತಲೇ ಬರೆದಿದೆ. ಬಿದಿರಿನ ಕುಂಚ, ಚಮಚ, ಬಟ್ಟಲು, ಜರಡಿ ಎಲ್ಲಾ ಸೇರಿದ ಸೆಟ್ 1,900 ಅಂತಿದೆ. ಒಟ್ಟು 3,000 ರೂಪಾಯಿ ಮೀರಬಾರದು. ಥರ್ಮಾಮೀಟರ್ ಇಲ್ಲ, ಕಾಫಿ ಫಿಲ್ಟರ್, ಸ್ಟೀಲ್ ಲೋಟ, ಎಲೆಕ್ಟ್ರಿಕ್ ಕೆಟಲ್ ಇವೆ. ನಲ್ಲಿಯಲ್ಲಿ ಬೋರ್‌ವೆಲ್ ನೀರು, ಕುಡಿಯೋದಕ್ಕೆ ಆರ್‌ಓ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು?

ಎಲೆಪುಡಿ

‘ಸೆರಿಮೋನಿಯಲ್’, ಅಂದರೆ ಚಹಾ ಸಮಾರಂಭಕ್ಕೆ ತಕ್ಕದ್ದು ಅನ್ನೋ ಪದವನ್ನು ಮೊದಲು ಮರೆತುಬಿಡಿ. ಜಪಾನಿನಲ್ಲಿ ಅಂಥದ್ದೊಂದು ಅಧಿಕೃತ ದರ್ಜೆಯೇ ಇಲ್ಲ, ಹೊರದೇಶದ ಗಿರಾಕಿಗಳಿಗಾಗಿ ಹುಟ್ಟಿದ ಮಾತು ಅದು. ನಮ್ಮಲ್ಲಿ ಪ್ರತಿ ತುಪ್ಪದ ಡಬ್ಬಿಯ ಮೇಲೂ ‘ಶುದ್ಧ’ ಅಂತ ಇರುತ್ತಲ್ಲ, ಹಾಗೆ.

ಮಾಚಾ ಅಂದರೆ ಗ್ರೀನ್ ಟೀಯನ್ನು ಮಿಕ್ಸಿಗೆ ಹಾಕಿದ್ದಲ್ಲ. ಕೊಯ್ಲಿಗೆ ಸುಮಾರು 20ರಿಂದ 30 ದಿನ ಮುಂಚೆ ಗಿಡಗಳ ಮೇಲೆ ಚಪ್ಪರ ಹಾಕಿ ಬಿಸಿಲು ತಪ್ಪಿಸುತ್ತಾರೆ. ಬಿಸಿಲು ಕಮ್ಮಿಯಾದರೆ ಎಲೆಯಲ್ಲಿ ಸವಿ ಕೊಡೋ ಥಿಯಾನಿನ್ ಉಳಿಯುತ್ತೆ, ಕಹಿ-ಒಗರಿಗೆ ಕಾರಣವಾದ ಕ್ಯಾಟೆಚಿನ್ ತಗ್ಗುತ್ತೆ, ಬಣ್ಣ ಗಾಢ ಹಸಿರಾಗುತ್ತೆ. ಕಿತ್ತ ಎಲೆಯನ್ನು ಹಬೆಗೆ ಹಿಡಿದು, ಹೊಸೆಯದೆ ಒಣಗಿಸಿ, ದಂಟು-ನರ ಬೇರ್ಪಡಿಸಿದರೆ ಉಳಿಯೋದು ತೆಂಚಾ. ಅದನ್ನು ಬೀಸಿದ ಪುಡಿಯೇ ಮಾಚಾ. ಬೀಸುಕಲ್ಲಿನಲ್ಲಿ ಗಂಟೆಗೆ 30-40 ಗ್ರಾಂ ಬಂದರೆ ಹೆಚ್ಚು, ಜೋರಾಗಿ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹಾರಿಹೋಗುತ್ತೆ. ಈಗ ನೀವೇ ಲೆಕ್ಕ ಹಾಕಿ, ಮೂರು ಗಂಟೆ ಬೀಸಿದ ಪುಡಿ ಜಪಾನಿನಿಂದ ಬಂದು 450 ರೂಪಾಯಿಗೆ ಹೇಗೆ ಸಿಗುತ್ತೆ? ಆ ಬೆಲೆಗೆ ಸಿಗೋದು ನೆರಳಿಲ್ಲದೆ ಬೆಳೆದ ಸಾಮಾನ್ಯ ಗ್ರೀನ್ ಟೀ ಪುಡಿ. ಅದು ವಿಷವೇನಲ್ಲ, ಕೇಕಿಗೆ, ಐಸ್‌ಕ್ರೀಮಿಗೆ ನಡೆಯುತ್ತೆ. ಬರೀ ನೀರಿನಲ್ಲಿ ಕದಡಿ ಕುಡಿದರೆ ಮಾತ್ರ ಒಂದೇ ಗುಟುಕಿಗೆ ಮಾಚಾ ಸಹವಾಸ ಸಾಕು ಅನಿಸುತ್ತೆ.

ಡಬ್ಬಿ ಕೈಗೆ ಬಂದಾಗ ಮೊದಲು ಓದಬೇಕಾದ್ದು ತಾರೀಖು. ಜಪಾನಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯುತ್ತಾರೆ. 26.03.10 ಅಂದರೆ 2026ರ ಮಾರ್ಚ್ 10, ಇದನ್ನು ನಮ್ಮ ಕ್ರಮದಲ್ಲಿ ಓದಿ ಗಾಬರಿಯಾಗೋರು ಬಹಳ ಜನ. ಅದು ಬಳಕೆಯ ಕೊನೇ ದಿನ, ಬೀಸಿದ ದಿನ ಅಲ್ಲ. ಆ ದಿನಕ್ಕೆ ಇನ್ನೂ ನಾಲ್ಕೈದು ತಿಂಗಳಾದರೂ ಇರಬೇಕು. ಆಮದುದಾರರ ಹೆಸರು-ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರೋ ಚೀಟಿ ಅಂಟಿಸಿರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಚಹಾ ಬಿಟ್ಟು ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಏನೇ ಕಂಡರೂ ವಾಪಸ್ ಇಡಿ. ಊರಿನ ಹೆಸರು ಹಾಕಿದ್ದರೆ ಒಳ್ಳೇದು: ಕ್ಯೋಟೋ ಪ್ರಾಂತ್ಯದ ಉಜಿ, ಐಚಿಯ ನಿಶಿಯೊ, ಫುಕುವೊಕಾದ ಯಾಮೆ, ಕಾಗೊಶಿಮಾ. ಉಜಿ ಹೆಸರಿಗೇ ಒಂದಿಷ್ಟು ದುಡ್ಡು ಜಾಸ್ತಿ. ಹೊಸಬರಿಗೆ ನಿಶಿಯೊ ಅಥವಾ ಕಾಗೊಶಿಮಾದ ಪುಡಿಯೇ ದುಡ್ಡಿಗೆ ತಕ್ಕ ಮಾಲು ಅಂತ ನನ್ನ ಅಭಿಪ್ರಾಯ. ಚೀನಾದಲ್ಲೂ ಈಗ ಭಾರೀ ಪ್ರಮಾಣದಲ್ಲಿ ಮಾಚಾ ಆಗುತ್ತೆ, ಚೀನಾದ್ದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಚೀನಾದ್ದನ್ನು ಜಪಾನಿನದು ಅಂತ ಮಾರೋದು ಕೆಟ್ಟದ್ದು.

ಗಾಜಿನ ಪಾರದರ್ಶಕ ಬಾಟಲಿಯಲ್ಲಿ, ಅಂಗಡಿಯ ಲೈಟಿನ ಕೆಳಗೆ ಇಟ್ಟಿದ್ದನ್ನು ಮುಟ್ಟಲೇಬೇಡಿ. ಬೆಳಕು, ಗಾಳಿ ಎರಡೂ ಹಸಿರನ್ನು ತಿಂದುಹಾಕುತ್ತವೆ. ಮನೆಗೆ ತಂದಮೇಲೆ ಒಂದು ಚಿಟಿಕೆ ಪುಡಿಯನ್ನು ಬಿಳಿ ಹಾಳೆಯ ಮೇಲಿಟ್ಟು ಬೆರಳಿನಿಂದ ಒತ್ತಿ ಎಳೆಯಿರಿ. ಒಳ್ಳೆಯ ಪುಡಿ ಐ ಷ್ಯಾಡೋ ಥರ ನುಣ್ಣಗೆ, ಒಂದೇ ಸಮನೆ, ಎಳೆ ಬಾಳೆಲೆಯ ಹಸಿರಲ್ಲಿ ಎಳೆದುಕೊಳ್ಳುತ್ತೆ. ಹಳೆಯದು ಮೆಹೆಂದಿ ಪುಡಿ ಥರ ಹಳದಿಗೆ ತಿರುಗಿರುತ್ತೆ, ಗೆರೆ ತರಿತರಿಯಾಗಿ ಮಧ್ಯೆ ಮಧ್ಯೆ ತುಂಡಾಗುತ್ತೆ. ವಾಸನೆಯೂ ಹುಲ್ಲಿನ ಬಣವೆ ಥರ. ಆನ್‌ಲೈನ್ ಫೋಟೋದ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಎಲ್ಲಾ ಹಸಿರೂ ಒಂದೇ ಹಸಿರು.

30 ಗ್ರಾಂ ಡಬ್ಬಿ ತಗೊಳ್ಳಿ. ಸಲಕ್ಕೆ 2 ಗ್ರಾಂನಂತೆ 15 ಬಟ್ಟಲು. 100 ಗ್ರಾಂ ಅಗ್ಗ ಅನಿಸಿದರೂ ತೆರೆದ ಮೇಲೆ ನಾಲ್ಕರಿಂದ ಆರು ವಾರದಲ್ಲಿ ರುಚಿ ಇಳಿಯುತ್ತೆ, ದಿನಕ್ಕೊಂದು ಬಟ್ಟಲಿನವರಿಗೆ ಅಷ್ಟರೊಳಗೆ ಮುಗಿಯಲ್ಲ. ಜಪಾನಿನಿಂದ ನೇರ ತರಿಸೋ ಯೋಚನೆಯಿದ್ದರೆ ಸುಂಕದ ಲೆಕ್ಕ ಮೊದಲೇ ಹಾಕಿ, ಚಹಾದ ಮೇಲೆ ನಮ್ಮಲ್ಲಿ ಮೂಲ ಆಮದು ಸುಂಕವೇ 100%. ಅದೂ ಅಲ್ಲದೆ 2024ರ ಕೊನೆಯಿಂದ ಕ್ಯೋಟೋದ ಹಳೇ ಮನೆತನದ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಅಂತ ಮಿತಿ ಹಾಕುವಷ್ಟು ಕೊರತೆ ಬಂತು. ಹಾಗಾಗಿ ಬೆಲೆ ಇಳಿಯಲಿ ಅಂತ ಕಾಯೋದರಲ್ಲಿ ಅರ್ಥ ಇಲ್ಲ.

ಬಿದಿರುಕಡ್ಡಿ

ಪುಡಿಯ ಬಗ್ಗೆ ಮೇಲಿನವರು ಹೇಳಿದ್ದು ಸರಿ. ನಾನು ಸಾಮಾನಿನ ವಿಷಯಕ್ಕೆ ಬರ್ತೀನಿ. ಸೆಟ್ ತಗೋಬೇಡಿ. 1,900ರಲ್ಲಿ ಅರ್ಧ ದುಡ್ಡು ಬಟ್ಟಲಿಗೂ ಬಣ್ಣದ ಡಬ್ಬಕ್ಕೂ ಹೋಗುತ್ತೆ.

ಖಂಡಿತ ಬೇಕಾದ್ದು ಜರಡಿ. ಮಾಚಾ ಪುಡಿ ಎಷ್ಟು ನುಣುಪು ಅಂದರೆ ಡಬ್ಬಿಯೊಳಗೇ ಒಂದಕ್ಕೊಂದು ಅಂಟಿ ಸಣ್ಣ ಸಣ್ಣ ಉಂಡೆ ಕಟ್ಟುತ್ತೆ. ಆ ಉಂಡೆ ನೀರಿಗೆ ಬಿದ್ದರೆ ಹೊರಗೆ ಒದ್ದೆ, ಒಳಗೆ ಒಣ ಪುಡಿ, ಎಷ್ಟು ಕಡೆದರೂ ಒಡೆಯಲ್ಲ. ಅದಕ್ಕೆ ಜಪಾನಿ ಜರಡಿಯೇ ಆಗಬೇಕಿಲ್ಲ. ಮಲ್ಲೇಶ್ವರಂ, ಗಾಂಧಿ ಬಜಾರ್ ಯಾವ ಪಾತ್ರೆ ಅಂಗಡಿಯಲ್ಲಾದರೂ ಸಿಗೋ ಹಿಡಿ ಇರೋ ಸ್ಟೀಲಿನ ಟೀ ಜಾಲರಿ ಸಾಕು. ಬೆಳಕಿಗೆ ಹಿಡಿದು ನೋಡಿ, ಮೈದಾ ಜರಡಿಯಷ್ಟು ಸಣ್ಣ ಕಣ್ಣು ಇರಬೇಕು. 100 ರೂಪಾಯಿ ಆಸುಪಾಸು. ಅದನ್ನು ಮಾಚಾಕ್ಕೆ ಮಾತ್ರ ಎತ್ತಿಡಿ. ಶುಂಠಿ-ಏಲಕ್ಕಿ ಟೀ ಸೋಸಿದ ಜಾಲರಿಯ ವಾಸನೆ ಏನು ಮಾಡಿದರೂ ಬಿಡಲ್ಲ.

ಆಮೇಲೆ ಚಾಸೆನ್, ಅಂದರೆ ಬಿದಿರಿನ ಕುಂಚ. ಒಂದೇ ಬಿದಿರು ತುಂಡನ್ನು ಸೀಳಿ ಸೀಳಿ ಎಳೆ ಮಾಡಿರ್ತಾರೆ. ನಾರಾ ಪ್ರಾಂತ್ಯದ ತಕಾಯಾಮಾ ಇದಕ್ಕೆ ಹೆಸರಾದ ಊರು, ಅಲ್ಲಿ ಕೈಯಲ್ಲಿ ಮಾಡಿದ್ದಕ್ಕೆ ನಿಮ್ಮ ಬಜೆಟ್ ಪೂರಾ ಹೋಗುತ್ತೆ. ಮೊದಲನೆಯದಕ್ಕೆ ಚೀನಾದಲ್ಲಿ ಮಾಡಿದ್ದೇ ಸಾಕು, 500-700ರೊಳಗೆ ಸಿಗುತ್ತೆ. ಎಳೆಗಳ ಲೆಕ್ಕದಲ್ಲಿ 80, 100, 120 ಅಂತ ಬರುತ್ತೆ. 100ರದ್ದು ತಗೊಳ್ಳಿ, ನೊರೆ ಬೇಗ ಏಳುತ್ತೆ. 120ರದ್ದರ ಎಳೆ ಬಹಳ ತೆಳು, ಪಳಗದ ಕೈಯಲ್ಲಿ ಬೇಗ ಮುರಿಯುತ್ತೆ.

ಮೊದಲ ಸಲ ನೀರಿಗೆ ಹಾಕಿದ ತಕ್ಷಣ ತುದಿಯ ಸುರುಳಿ ಬಿಚ್ಚಿಕೊಳ್ಳುತ್ತೆ, ನಡುವಿನ ಗಂಟು ಸಡಿಲಾಗಿ ಹೂವಿನ ಥರ ಅರಳುತ್ತೆ. ಹಾಳಾಯ್ತು ಅಂತ ರಿಟರ್ನ್ ಹಾಕಬೇಡಿ, ಅದು ಹಾಗೇ ಆಗಬೇಕು. ಪ್ರತಿ ಸಲ ಬಳಸೋ ಮುಂಚೆ ಬಿಸಿನೀರಲ್ಲಿ ಒಂದು ನಿಮಿಷ ತುದಿ ಮುಳುಗಿಸಿಡಿ. ಒಣ ಬಿದಿರು ಪಟ್ ಅಂತ ಮುರಿಯುತ್ತೆ, ನೆಂದದ್ದು ಬಾಗುತ್ತೆ. ಕೆಲಸ ಆದಮೇಲೆ ಬರೀ ನೀರಲ್ಲಿ ಆಡಿಸಿ ತೊಳೆಯಿರಿ. ಸೋಪು ಬೇಡ, ಬಿದಿರು ಅದನ್ನು ಹೀರಿಕೊಂಡು ನಾಳೆಯ ಬಟ್ಟಲಿಗೆ ಬಿಡುತ್ತೆ.

ಸೆಟ್ಟಿನಲ್ಲಿ ಬರೋ ವಸ್ತುಗಳ ಪೈಕಿ ಜನ ಬೇಡ ಅನ್ನೋದು, ಆದರೆ ಬೆಂಗಳೂರಿನಲ್ಲಿ ಬೇಕೇ ಬೇಕಾದ್ದು ಕುಸೆನಾವೊಶಿ, ಅಂದರೆ ಕುಂಚ ಕವುಚಿಡೋ ಪಿಂಗಾಣಿ ಗೂಟ. 250 ರೂಪಾಯಿ ಆಸುಪಾಸು. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿನ ಅಡುಗೆಮನೆಯಲ್ಲಿ ಏನೂ ಬೇಗ ಒಣಗಲ್ಲ. ಒದ್ದೆ ಚಾಸೆನ್ನನ್ನು ಅದು ಬಂದ ಪ್ಲಾಸ್ಟಿಕ್ ಡಬ್ಬಿಗೇ ವಾಪಸ್ ಹಾಕಿದರೆ ಮೂರ್ನಾಲ್ಕು ದಿನದಲ್ಲಿ ಬುಡದ ಗಂಟಿನ ಹತ್ತಿರ ಬೂಷ್ಟು. ಬೂಷ್ಟು ಬಂದದ್ದನ್ನು ತೊಳೆದು ಬಳಸೋ ಸಾಹಸ ಬೇಡ, ಎಸೆಯಿರಿ. ಗೂಟದ ಮೇಲೆ ಕೂರಿಸಿದರೆ ಎಳೆಗಳ ಮಧ್ಯೆ ಗಾಳಿಯಾಡುತ್ತೆ, ಆಕಾರವೂ ನಿಲ್ಲುತ್ತೆ.

ಚಾಶಾಕು ಅನ್ನೋ ಬಿದಿರು ಚಮಚ ಬಿಡಬಹುದು. ತುದಿಯಲ್ಲಿ ಎದ್ದಷ್ಟು ಸುಮಾರು 1 ಗ್ರಾಂ ಅಂತ ಲೆಕ್ಕ. ಮನೆಯ ಟೀ ಚಮಚ ಗೀರಿ ಸಮ ಮಾಡಿದರೆ ಸುಮಾರು 2 ಗ್ರಾಂ. ಖಚಿತವಾಗಿ ಬೇಕಿದ್ದರೆ ಎಸ್‌ಪಿ ರೋಡಿನಲ್ಲಿ 0.1 ಗ್ರಾಂ ತೋರಿಸೋ ಪುಟ್ಟ ತಕ್ಕಡಿ ಸಿಗುತ್ತೆ.

ಬಟ್ಟಲಿಗೆ ಮನೆಯಲ್ಲಿರೋ ಪಿಂಗಾಣಿ ಸೂಪ್ ಬೌಲ್ ನಡೆಯುತ್ತೆ. ಬಾಯಿ 11-12 ಸೆಂ.ಮೀ. ಅಗಲ, 6-7 ಸೆಂ.ಮೀ. ಆಳ ಇರಲಿ, ತಳ ಚಪ್ಪಟೆ, ಮೂಲೆ ಗುಂಡಗೆ. ಕಾಫಿ ಮಗ್ಗಿನಲ್ಲಿ ಕುಂಚಕ್ಕೆ ಓಡಾಡೋಕೆ ಜಾಗವೇ ಇರಲ್ಲ, ಗೋಡೆಗೆ ಬಡಿದು ಎಳೆ ಮುರಿಯುತ್ತೆ. ಸ್ಟೀಲ್ ಬಟ್ಟಲಾದರೆ ಕೈ ಸುಡುತ್ತೆ, ಬೇಗ ಆರುತ್ತೆ. ಪಾಟರಿ ಟೌನಿನಿಂದ ಮಣ್ಣಿನ ಬಟ್ಟಲು ತರೋ ಆಸೆ ಇದ್ದರೆ ಒಳಗಡೆ ಗ್ಲೇಜ್ ಇರೋದನ್ನೇ ಆರಿಸಿ. ಬರೀ ಸುಟ್ಟ ಮಣ್ಣು ಚಹಾ ಕುಡಿಯುತ್ತೆ, ವಾಸನೆಯನ್ನೂ ಉಳಿಸಿಕೊಳ್ಳುತ್ತೆ.

ಲೆಕ್ಕ: ಪುಡಿ 1,800, ಚಾಸೆನ್ 600, ಗೂಟ 250, ಜಾಲರಿ 100. 2,750. ಉಳಿದ 250ರಲ್ಲಿ ಒಂದು ಮಸಾಲೆ ದೋಸೆ ತಿಂದು ಬನ್ನಿ.

ವೈಟ್‌ಫೀಲ್ಡ್_ಫಾಸ್ಟ್

ಇಷ್ಟೆಲ್ಲಾ ಶಾಸ್ತ್ರ ಬೇಕಾ ಗುರು? ಹಾಲಿಗೆ ನೊರೆ ಬರಿಸೋ ಬ್ಯಾಟರಿ ಫ್ರಾದರ್ 300 ರೂಪಾಯಿ, ಹತ್ತು ಸೆಕೆಂಡ್ ಸಾಕು, ಬೂಷ್ಟಿಲ್ಲ ಗೀಷ್ಟಿಲ್ಲ. ಮತ್ತೆ, ಜಪಾನಿನವರು ಹೇಳೋದೇ ‘ಮಚ್ಚಾ’ ಅಂತ. ನೀವೆಲ್ಲಾ ಮಾಚಾ ಮಾಚಾ ಅಂತ ಯಾಕೆ ಎಳೀತೀರ?

ಬಿದಿರುಕಡ್ಡಿ

ಉಚ್ಚಾರ ನೀವು ಹೇಳಿದ್ದೇ ಸರಿ. ಆದರೆ ಬೆಂಗಳೂರಿನಲ್ಲಿ ‘ಒಂದು ಮಚ್ಚಾ ಕೊಡಿ’ ಅಂದರೆ ಕೌಂಟರಿನಲ್ಲಿ ಇರೋನು ‘ಹೇಳು ಮಚ್ಚಾ’ ಅಂತಾನೆ.

ಫ್ರಾದರ್ ಹಾಲು ಹಾಕೋರಿಗೆ ಸರಿ, ಅದನ್ನು ಒಪ್ತೀನಿ. ಬರೀ ನೀರಿನದಕ್ಕೆ ಎರಡು ತೊಂದರೆ. ಸುರುಳಿ ಒಂದೇ ಜಾಗದಲ್ಲಿ ತಿರುಗೋದರಿಂದ ದೊಡ್ಡ ಗುಳ್ಳೆ ಏಳುತ್ತೆ, ನಿಮಿಷದಲ್ಲಿ ಒಡೆಯುತ್ತೆ. ತಳದ ಅಂಚಿನಲ್ಲಿ ಕೂತ ಪುಡಿಗೆ ಅದು ತಲುಪೋದೂ ಇಲ್ಲ. ಇನ್ನು 60 ಮಿ.ಲೀ. ನೀರಿನಲ್ಲಿ ಅದನ್ನು ಆನ್ ಮಾಡಿದರೆ ಅರ್ಧ ನಿಮ್ಮ ಅಂಗಿಯ ಮೇಲಿರುತ್ತೆ. ಪೂರ್ತಿ ಮುಳುಗಿಸಿ ಆನ್ ಮಾಡಿ, ಆಫ್ ಮಾಡಿಯೇ ಎತ್ತಿ.

ಹೊಸಬ_ಬಸವನಗುಡಿ

ಎಲ್ಲರಿಗೂ ಧನ್ಯವಾದ. ನಿಶಿಯೊದ 30 ಗ್ರಾಂ, 100 ಎಳೆಯ ಚಾಸೆನ್, ಗೂಟ, ಜಾಲರಿ ತಂದಾಯ್ತು. ಹಾಳೆ ಪರೀಕ್ಷೆಯಲ್ಲಿ ಬಣ್ಣ ಚೆನ್ನಾಗೇ ಬಂತು. ಆದರೆ ಇವತ್ತು ಮಾಡಿದ್ದು ಕಡು ಕಹಿ, ನೊರೆ ಇಲ್ಲವೇ ಇಲ್ಲ, ತಳದಲ್ಲಿ ಮಡ್ಡಿ. ಮಾಡಿದ್ದು ಹೀಗೆ: ಟೀ ಚಮಚದ ತುಂಬಾ ಪುಡಿ, ಕೆಟಲ್ ಕುದ್ದು ಆಫ್ ಆದ ತಕ್ಷಣ ಒಂದು ಲೋಟ ನೀರು, ಎರಡು ನಿಮಿಷ ಗುಂಡಗೆ ತಿರುಗಿಸಿದೆ. ಜರಡಿ ಹಿಡಿದಿದ್ದೆ.

ಎಲೆಪುಡಿ

ಪುಡಿಯದ್ದೇನೂ ತಪ್ಪಿಲ್ಲ, ಮಿಕ್ಕಿದ್ದೆಲ್ಲಾ ತಪ್ಪಿದೆ.

ಗುಡ್ಡೆ ಮಾಡಿದ ಟೀ ಚಮಚ ಅಂದರೆ ಮೂರು ಮೂರೂವರೆ ಗ್ರಾಂ. ಗೀರಿದ ಚಮಚ ಅಂತ ಮೇಲೆ ಹೇಳಿದ್ದು ಅದಕ್ಕೇ. ನೀರು ಒಂದು ಲೋಟ ಅಂದರೆ 150 ಮಿ.ಲೀ. ದಾಟಿರುತ್ತೆ, ಬೇಕಾದ್ದು 60ರಿಂದ 80. ಅಷ್ಟು ಆಳದ ನೀರಿನಲ್ಲಿ ಕುಂಚದ ತುದಿಗೆ ಮೇಲ್ಮೈ ಸಿಗಲ್ಲ, ಗಾಳಿ ಒಳಗೆ ಹೋಗಲ್ಲ, ನೊರೆ ಏಳಲ್ಲ. ಗುಂಡಗೆ ತಿರುಗಿಸಿದರೆ ನೀರು ಸುಳಿಯ ಥರ ಕುಂಚದ ಜೊತೆಗೇ ಸುತ್ತುತ್ತೆ, ಮಜ್ಜಿಗೆ ಕಡೆಯೋವಾಗ ಕಡಗೋಲನ್ನು ಹಿಂದೆ ಮುಂದೆ ಎರಡೂ ಕಡೆ ತಿರುಗಿಸೋದು ಯಾಕೆ ಅಂತ ಯೋಚಿಸಿ, ಗೊತ್ತಾಗುತ್ತೆ.

ಕಹಿಗೆ ಮುಖ್ಯ ಕಾರಣ ಕುದಿಯೋ ನೀರು. ಬಿಸಿ ಹೆಚ್ಚಾದಷ್ಟೂ ಕ್ಯಾಟೆಚಿನ್ ಹೆಚ್ಚು ಬಿಡುತ್ತೆ. 75ರಿಂದ 80 ಡಿಗ್ರಿ ಬೇಕು. ಥರ್ಮಾಮೀಟರ್ ಇಲ್ಲದವರಿಗೆ ರಾಗಿ ಮಾಲ್ಟ್ ಲೆಕ್ಕ ಹೇಳ್ತೀನಿ. ರಾಗಿ ಹಿಟ್ಟನ್ನು ನೇರ ಕುದಿಯೋ ನೀರಿಗೆ ಸುರಿಯಲ್ಲ ತಾನೇ? ಮೊದಲು ತಣ್ಣೀರಲ್ಲಿ ಕದಡಿಕೊಳ್ಳುತ್ತೀವಿ. ಹಾಗೆಯೇ ಬಟ್ಟಲನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಚೆಲ್ಲಿ, ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಅಲ್ಲೇ ಗಂಟು ಶುರು. 2 ಗ್ರಾಂ ಪುಡಿ ಜರಡಿ ಹಿಡಿಯಿರಿ, 15 ಮಿ.ಲೀ. ಅಂದರೆ ಒಂದು ಟೇಬಲ್ ಚಮಚ ಆರ್‌ಓ ತಣ್ಣೀರು ಹಾಕಿ, ಕುಂಚದಲ್ಲಿ ಮೆಲ್ಲಗೆ ಕಲಸಿ. ಇಡ್ಲಿಗೆ ಹಾಕೋ ಚಟ್ನಿಗಿಂತ ತೆಳ್ಳಗೆ, ಬಣ್ಣದ ಪೇಂಟಿನ ಥರ ಆಗಬೇಕು, ಒಂದೂ ಕಾಳು ಕಾಣಬಾರದು. ಆಮೇಲೆ ಕುದ್ದ ನೀರು 45 ಮಿ.ಲೀ., ಅಂದರೆ ಮೂರು ಟೇಬಲ್ ಚಮಚ, ಬಟ್ಟಲ ಅಂಚಿನಿಂದ ಇಳಿಬಿಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಮೂರು ಪಾಲು 97, ಒಂದು ಪಾಲು 25, ಸೇರಿದರೆ 79. ಯಾವ ಯಂತ್ರವೂ ಬೇಡ.

ಈಗ ಕಡೆಯೋದು. ಎಡಗೈಯಲ್ಲಿ ಬಟ್ಟಲು ಬಿಗಿಯಾಗಿ ಹಿಡಿದು, ಬಲಗೈಯಲ್ಲಿ ಕುಂಚವನ್ನು ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಹಿಡಿಯಿರಿ. ತೋಳು ಅಲ್ಲಾಡಬಾರದು, ಮಣಿಕಟ್ಟು ಮಾತ್ರ. ತುದಿ ತಳಕ್ಕೆ ತಾಗಬಾರದು, ಕೂದಲೆಳೆ ಮೇಲೆ ಇರಲಿ. ಇಂಗ್ಲಿಷಿನ ಡಬ್ಲ್ಯು ಬರೆದ ಹಾಗೆ ಹಿಂದೆ ಮುಂದೆ ಜೋರಾಗಿ 15-20 ಸೆಕೆಂಡ್. ನೊರೆ ಎದ್ದಮೇಲೆ ವೇಗ ಇಳಿಸಿ, ಕುಂಚವನ್ನು ಮೇಲ್ಮೈಗೆ ತಂದು ದೊಡ್ಡ ಗುಳ್ಳೆಗಳನ್ನು ಸವರಿ ಒಡೆಯಿರಿ, ಮಧ್ಯದಿಂದ ಮೇಲೆತ್ತಿ. ಎರಡು ನಿಮಿಷ ಕಡೆದರೆ ಚಹಾ ಆರುತ್ತೆ ಅಷ್ಟೆ.

ಮಡ್ಡಿ ಸ್ವಲ್ಪ ಇದ್ದೇ ಇರುತ್ತೆ. ಮಾಚಾ ಸಕ್ಕರೆ ಥರ ಕರಗಲ್ಲ, ನೀರಲ್ಲಿ ತೇಲುತ್ತೆ ಅಷ್ಟೆ. ನಾಲ್ಕೈದು ನಿಮಿಷ ಬಿಟ್ಟರೆ ಕೂರುತ್ತೆ. ಮಾಡಿದ ಕೂಡಲೇ ಮೂರ್ನಾಲ್ಕು ಗುಟುಕಿನಲ್ಲಿ ಮುಗಿಸಿ. ಬಟ್ಟಲಿಗೆ ತುಪ್ಪ-ಎಣ್ಣೆಯ ಜಿಡ್ಡು ಅಂಟಿದ್ದರೂ ನೊರೆ ಬರಲ್ಲ, ಅದನ್ನೂ ನೋಡಿಕೊಳ್ಳಿ.

ನೀಲಿಪ್ಯಾಕೆಟ್

ಹಾಲಿನ ವಿಷಯ ಯಾರೂ ಮುಟ್ಟಿಲ್ಲ. ನಂದಿನಿ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಸಾಕು, ಜಿಡ್ಡು 3%. ಗಟ್ಟಿ ಹಾಲು ಹಾಕಿದಷ್ಟೂ ಮಾಚಾ ರುಚಿ ಕೆನೆಯ ಅಡಿಯಲ್ಲಿ ಹೂತುಹೋಗುತ್ತೆ. 3 ಗ್ರಾಂ ಪುಡಿ, 40 ಮಿ.ಲೀ. ನೀರಿನಲ್ಲಿ ಮೇಲಿನ ಥರವೇ ಕಡೆದು, 150 ಮಿ.ಲೀ. ಹಾಲು. ಕಾಸಿದ ಹಾಲಿನ ಕೆನೆ ತೆಗೆದು, 60-65 ಡಿಗ್ರಿಗೆ ಇಳಿಸಿ ಹಾಕಿ. ಬೆಲ್ಲ ಹಾಕಿದರೆ ಬಣ್ಣ ಕೆಸರಾಗುತ್ತೆ, ಸಕ್ಕರೆಯೇ ವಾಸಿ. ಹಾಲಿಗೆ 1,800ರ ಪುಡಿ ದಂಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ತಗೊಂಡರೆ ಒಳ್ಳೇದು. ಅದರ ಒಗರೇ ಹಾಲನ್ನು ದಾಟಿ ನಾಲಿಗೆಗೆ ಬರುತ್ತೆ.

ಬೇಸಿಗೆಯಲ್ಲಿ ಬಿಗಿ ಮುಚ್ಚಳದ ಬಾಟಲಿಗೆ ಜರಡಿ ಹಿಡಿದ 2 ಗ್ರಾಂ, ತಣ್ಣೀರು 120 ಮಿ.ಲೀ., ಮೂರು ತುಂಡು ಐಸ್, ಅರ್ಧ ನಿಮಿಷ ಕುಲುಕಿ. ಕುಂಚವೂ ಬೇಡ, ಕಹಿಯೂ ಇಲ್ಲ. ಬಿಸಿನೀರು ಹಾಕಿ ಮುಚ್ಚಿ ಕುಲುಕಬೇಡಿ, ಹಬೆ ಮುಚ್ಚಳ ಎಗರಿಸುತ್ತೆ.

ಬೋರ್‌ವೆಲ್ ನೀರು ನೇರ ಬಳಸಬೇಡಿ. ಗಡಸು ನೀರಿನಲ್ಲಿ ಬಣ್ಣ ಮಂಕಾಗುತ್ತೆ, ನೊರೆ ಕಮ್ಮಿ. ಆರ್‌ಓ ಅಥವಾ ಕಾವೇರಿ ನೀರು ಸರಿ.

2 ಗ್ರಾಂನಲ್ಲಿ ಕೆಫೀನ್ ಸುಮಾರು 40ರಿಂದ 90 ಮಿ.ಗ್ರಾಂ., ಒಂದು ಲೋಟ ಫಿಲ್ಟರ್ ಕಾಫಿಯ ಹತ್ತಿರಕ್ಕೇ ಬರುತ್ತೆ. ಕಾಫಿ ಬಿಡದೆ ಇದನ್ನೂ ಸೇರಿಸಿದರೆ ನಿದ್ದೆ ಹೋಗುತ್ತೆ. ಬರೀ ಹೊಟ್ಟೆಗೆ ಕುಡಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತೆ. ರಕ್ತಹೀನತೆ ಇರೋರು ಊಟದ ಜೊತೆ ಬೇಡ, ಒಂದು ಗಂಟೆ ಅಂತರ ಇಡಿ. ದೇಹ ಕಬ್ಬಿಣಾಂಶ ಹೀರೋದನ್ನು ಚಹಾ ತಡೆಯುತ್ತೆ.

ಹೊಸಬ_ಬಸವನಗುಡಿ

ತಣ್ಣೀರು ಒಂದು ಪಾಲು, ಕುದ್ದ ನೀರು ಮೂರು ಪಾಲು ಲೆಕ್ಕದಲ್ಲಿ ಮಾಡಿದೆ. ನೊರೆ ಬಂತು, ಕಹಿ ಹೋಯ್ತು, ಕೊನೆಗೆ ಒಂಥರಾ ಸಿಹಿ ಉಳಿಯುತ್ತೆ. ಕೊನೇ ಪ್ರಶ್ನೆ: ಡಬ್ಬಿ ಫ್ರಿಜ್‌ನಲ್ಲಿ ಇಡಬೇಕಾ, ಹೊರಗಾ?

ಎಲೆಪುಡಿ

ತೆರೆಯದ ಡಬ್ಬಿ ಫ್ರಿಜ್‌ನಲ್ಲಿರಲಿ. ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ, ಹೊರಗೆ ಐದಾರು ಗಂಟೆ ಇಟ್ಟು ಕೋಣೆಯ ಬಿಸಿಗೆ ಬಂದಮೇಲೆ ಬಿಚ್ಚಿ. ತಣ್ಣನೆ ಪುಡಿಗೆ ಹೊರಗಿನ ಗಾಳಿ ತಾಗಿದರೆ ಅದರ ಮೇಲೆ ನೀರು ಕೂರುತ್ತೆ, ಒಂದೇ ದಿನಕ್ಕೆ ಉಂಡೆ. ತೆರೆದ ಡಬ್ಬಿಯನ್ನು ದಿನಾ ಒಳಗೆ ಹೊರಗೆ ಮಾಡಿದರೂ ಇದೇ ಕಥೆ. ತಿಂಗಳೊಳಗೆ ಮುಗಿಸೋದಾದರೆ ಒಲೆಯಿಂದ ದೂರದ, ಕತ್ತಲ ಕಪಾಟೇ ಸಾಕು. ಒಳಗಿನ ಫಾಯಿಲ್ ಚೀಲದ ಗಾಳಿ ಒತ್ತಿ ತೆಗೆದು, ಬಾಯಿ ಮಡಚಿ ಕ್ಲಿಪ್ ಹಾಕಿ. ಒದ್ದೆ ಚಮಚ ಯಾವತ್ತೂ ಇಳಿಸಬೇಡಿ. ಫ್ರಿಜ್‌ನಲ್ಲೇ ಇಡೋದಾದರೆ ಡಬ್ಬಿಯನ್ನು ಇನ್ನೊಂದು ಗಾಳಿಯಾಡದ ಡಬ್ಬಿಯೊಳಗಿಡಿ. ಚಹಾ ವಾಸನೆ ಹೀರೋದರಲ್ಲಿ ಎತ್ತಿದ ಕೈ, ದೋಸೆ ಹಿಟ್ಟು ಅದರ ಪಕ್ಕದಲ್ಲಿ ಬೇಡ, ಮುಡಿಯೋಕೆ ತಂದಿಟ್ಟ ಮಲ್ಲಿಗೆಯೂ ಬೇಡ.